ಓದುಗರ ಪ್ರಶ್ನೆ: ಮನೆವಾಹನದ ಬ್ರೇಕರ್ ಬೀಳುವುದೇಕೆ?

ಈ ಸಂಚಿಕೆಯ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ಬಳಿಕ ನಮ್ಮ ಕಾಸರಗೋಡಿನ ರಸ್ತೆಗಳಲ್ಲಿಯೂ ಮಲಗುವ, ಅಡುಗೆ ಮಾಡುವ ಏರ್ಪಾಡುಳ್ಳ ಮನೆವಾಹನಗಳು ಆಗಾಗ ಕಣ್ಣಿಗೆ ಬೀಳುತ್ತಿವೆ. ಹಳೆಯ ವ್ಯಾನನ್ನು ಕೊಂಡು ತಾವೇ ಮಾರ್ಪಡಿಸಿಕೊಂಡ ಓದುಗರೂ ಇದ್ದಾರೆ. ಅಂಥವರಿಂದ ಬಂದ ನಾಲ್ಕು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲ ಪತ್ರವನ್ನು ಬರೆದವರು ಯಾವಾಗ ಯಾವ ಬ್ರೇಕರ್ (ಅಪಾಯ ಕಂಡಾಗ ವಿದ್ಯುತ್ತನ್ನು ತಾನಾಗಿ ಕಡಿಯುವ ಸ್ವಿಚ್ಚು) ಬಿತ್ತು ಎಂಬುದನ್ನು ಬಹಳ ಎಚ್ಚರದಿಂದ ಗುರುತಿಸಿಟ್ಟಿದ್ದಾರೆ. ಆದ್ದರಿಂದ ಅದಕ್ಕೆ ಹೆಚ್ಚಿನ ಜಾಗವನ್ನು ಕೊಟ್ಟಿದ್ದೇನೆ.

ಪ್ರಶ್ನೆ (ಬದಿಯಡ್ಕದ ಓದುಗರು): ಮಾನ್ಯರೇ, ನಿವೃತ್ತನಾದ ಮೇಲೆ ಹಳೆಯ ವ್ಯಾನೊಂದನ್ನು ಕೊಂಡು ಮನೆವಾಹನವಾಗಿ ಮಾಡಿಸಿಕೊಂಡಿದ್ದೇನೆ. ಒಳಗೆ 15 ಲೀಟರಿನ 2000 ವಾಟ್ ಗೀಸರ್, 1800 ವಾಟ್ ಇಂಡಕ್ಷನ್ ಒಲೆ, ಒಂದು ಟನ್ನಿನ ಏಸಿ, 12 ವೋಲ್ಟಿನ ಬ್ಯಾಟರಿ, ಅದಕ್ಕೆ 40 ಆಂಪಿಯರ್ ಚಾರ್ಜರ್ ಮತ್ತು ಒಂದು ಇನ್ವರ್ಟರ್ ಇವೆ. ಹೊರಗಿನಿಂದ ಬರುವ ವಿದ್ಯುತ್ತಿಗೆ, ಕರೆಂಟು ಮಿತಿಮೀರಿದರೆ ಕಡಿಯುವ 16 ಆಂಪಿಯರಿನ ಎಂಸಿಬಿಯನ್ನೂ ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಅಳವಡಿಸಿದ್ದಾರೆ. ತೊಂದರೆ ಮೂರು ಬಗೆಯದು. ನನ್ನ ಮನೆಯ ಸಿಟ್‌ಔಟಿನ ಸಾಕೆಟ್ಟಿಗೆ ವ್ಯಾನಿನ ಪ್ಲಗ್ ಹಾಕಿದ ಕೂಡಲೇ ಮನೆಯಲ್ಲಿರುವ ಸೋರಿಕೆಯ ಬ್ರೇಕರ್, ಅಂದರೆ ಇಎಲ್‌ಸಿಬಿ ಬಿದ್ದು ಮನೆಯೆಲ್ಲ ಕತ್ತಲಾಗುತ್ತದೆ, ಆದರೆ ವ್ಯಾನಿನ ಆರ್‌ಸಿಸಿಬಿ ಬೀಳುವುದಿಲ್ಲ. ಇಎಲ್‌ಸಿಬಿ ಇಲ್ಲದ ಉದುಮದ ಅಕ್ಕನ ಹಳೆಯ ಮನೆಯಲ್ಲಿ ಜೋಡಿಸಿದರೆ ಏನೂ ಆಗುವುದಿಲ್ಲ. ಎರಡನೆಯದು, ಆಟಿಯ ಮಳೆಯಲ್ಲಿ ಒಂದು ತಿಂಗಳು ನಿಲ್ಲಿಸಿದ್ದ ವಾಹನದಲ್ಲಿ ಗೀಸರ್ ಹಾಕಿದರೆ ನಾಲ್ಕೈದು ನಿಮಿಷಕ್ಕೆ ವ್ಯಾನಿನ ಆರ್‌ಸಿಸಿಬಿಯೇ ಬೀಳುತ್ತದೆ. ಮೂರನೆಯದು, ರಾಣಿಪುರದಲ್ಲಿ ರಾತ್ರಿ ಕಳೆದು ಮರುದಿನ ಉದುಮಕ್ಕೆ ಬಂದು ವಿದ್ಯುತ್ ಜೋಡಿಸಿದರೆ ಅರ್ಧ ಗಂಟೆಯೊಳಗೆ 16 ಆಂಪಿಯರಿನ ಎಂಸಿಬಿ ಬೀಳುತ್ತದೆ. ಅದರ ಮರುದಿನ ಅವೇ ಉಪಕರಣಗಳನ್ನು ಅಷ್ಟೇ ಹೊತ್ತು ನಡೆಸಿದರೂ ಬೀಳುವುದಿಲ್ಲ. ನೋಡಿದ ಇಲೆಕ್ಟ್ರಿಷಿಯನ್, ಮನೆಯ ಇಎಲ್‌ಸಿಬಿ ತೀರ ಸೂಕ್ಷ್ಮವಾಗಿದೆ, ಅದನ್ನು ತೆಗೆದುಬಿಡಿ, ವ್ಯಾನಿನ ಎಂಸಿಬಿಯನ್ನು 25 ಆಂಪಿಯರಿಗೆ ಬದಲಿಸಿ ಎನ್ನುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ನಿಮ್ಮ ವ್ಯಾನಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾರಣಗಳಿವೆ. ನಿಮ್ಮ ಪತ್ರದ ವಿವರಗಳಿಂದಲೇ ಮೂರನ್ನೂ ಬೇರ್ಪಡಿಸಿ ಹೇಳಲು ಸಾಧ್ಯವಾಗಿದೆ.

ಎಂಸಿಬಿ ಮತ್ತು ಆರ್‌ಸಿಸಿಬಿಗಳು ನೋಡಲು ಒಂದೇ ರೀತಿ ಇದ್ದರೂ ಅವು ಕಾಯುವ ಅಪಾಯಗಳು ಬೇರೆ. ಎಂಸಿಬಿಯ ಒಳಗೆ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ಮಿತಿಮೀರಿದ ಕರೆಂಟು ಹರಿದಾಗ ಅದು ಕಾದು, ಬಾಗಿ, ನಿಧಾನವಾಗಿ ಸಂಪರ್ಕವನ್ನು ಕಡಿಯುತ್ತದೆ. ಅದರ ಜೊತೆಗಿರುವ ತಂತಿಯ ಸುರುಳಿ ಶಾರ್ಟ್ ಆದಾಗ ಕ್ಷಣದಲ್ಲಿ ಕಡಿಯುತ್ತದೆ. ಒಟ್ಟಿನಲ್ಲಿ ಅದು ಕಾಯುವುದು ತಂತಿಯನ್ನು. ಆರ್‌ಸಿಸಿಬಿಗೆ ಕರೆಂಟು ಎಷ್ಟು ಹರಿಯಿತೆಂಬ ಲೆಕ್ಕ ಬೇಡ. ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಅಷ್ಟೇ ಮರಳಿತೇ ಎಂದು ಮಾತ್ರ ಅದು ನೋಡುತ್ತದೆ. ವ್ಯತ್ಯಾಸವು 30 ಮಿಲಿಆಂಪಿಯರ್ ತಲುಪುವುದರೊಳಗೆ ಅದು ಬೀಳಲೇಬೇಕು, 15 ಮಿಲಿಆಂಪಿಯರಿಗಿಂತ ಕಡಿಮೆಯಿದ್ದಾಗ ಬೀಳಬಾರದು. ಅದು ಕಾಯುವುದು ಮನುಷ್ಯನನ್ನು. ನಮ್ಮ ಕಡೆಯಲ್ಲಿ ಇಎಲ್‌ಸಿಬಿ ಎಂದು ಕರೆಯುತ್ತ ಬಂದಿರುವ ಈಗಿನ ಉಪಕರಣವೂ ಈ ಆರ್‌ಸಿಸಿಬಿಯೇ.

ಮೊದಲ ತೊಂದರೆಯನ್ನು ನೋಡೋಣ. ಪ್ಲಗ್ ಹಾಕಿದೊಡನೆ ಮನೆಯ ಇಎಲ್‌ಸಿಬಿ ಬೀಳುತ್ತದೆ, ವ್ಯಾನಿನದು ಬೀಳುವುದಿಲ್ಲ. ಸೋರಿಕೆಯು ವ್ಯಾನಿನ ಆರ್‌ಸಿಸಿಬಿಯನ್ನು ದಾಟಿದ ಮೇಲೆ, ಅಂದರೆ ಗೀಸರಿನಲ್ಲೋ ಒಲೆಯಲ್ಲೋ ಆಗಿದ್ದರೆ ಎರಡೂ ಅದನ್ನು ಕಾಣುತ್ತಿದ್ದವು ಮತ್ತು ಕೆಲವೊಮ್ಮೆಯಾದರೂ ವ್ಯಾನಿನದು ಮೊದಲು ಬೀಳುತ್ತಿತ್ತು. ಪ್ರತಿ ಸಲವೂ ಮನೆಯದು ಮಾತ್ರ ಬೀಳುವುದರಿಂದ ದೋಷವು ಹೊರಗಿನ ಪ್ಲಗ್ಗಿಗೂ ವ್ಯಾನಿನ ಆರ್‌ಸಿಸಿಬಿಗೂ ನಡುವೆ ಇದೆ ಎಂದು ತಿಳಿಯಬೇಕು. ಆ ನಡುವೆ ಇರುವುದು ಕೇಬಲ್, ವ್ಯಾನಿನ ಗೋಡೆಯ ಸಾಕೆಟ್, ಮತ್ತು ಹೊರಗಿನ ವಿದ್ಯುತ್ತು ಬೇಕೋ ಇನ್ವರ್ಟರ್ ಬೇಕೋ ಎಂದು ಆಯ್ದುಕೊಳ್ಳುವ ಚೇಂಜ್‌ಓವರ್ ಸ್ವಿಚ್ಚು. ನನ್ನ ಅನುಮಾನವೆಲ್ಲ ಆ ಸ್ವಿಚ್ಚಿನ ಮೇಲಿದೆ.

ಇನ್ವರ್ಟರ್ ನಡೆಯುವಾಗ ವ್ಯಾನಿಗೆ ಅದೇ ವಿದ್ಯುತ್ತಿನ ಮೂಲ. ಆಗ ಅದರ ನ್ಯೂಟ್ರಲನ್ನು ವಾಹನದ ಲೋಹದ ಚೌಕಟ್ಟಾದ ಚಾಸಿಗೆ ಜೋಡಿಸಿದ್ದರೆ ಮಾತ್ರ ವ್ಯಾನಿನ ಆರ್‌ಸಿಸಿಬಿ ಸೋರಿಕೆಯನ್ನು ಗುರುತಿಸಬಲ್ಲದು. ಆದ್ದರಿಂದ ಮಾರ್ಪಡಿಸಿದವರು ಅಲ್ಲಿ ಒಂದು ತಂತಿಯ ತುಂಡನ್ನು ಹಾಕಿರುತ್ತಾರೆ, ಅದು ತಪ್ಪಲ್ಲ. ತಪ್ಪು ಆಗುವುದು ಚೇಂಜ್‌ಓವರಿಗೆ ಒಂದು ಪೋಲಿನ ಸ್ವಿಚ್ಚನ್ನು ಹಾಕಿ ಫೇಸನ್ನು ಮಾತ್ರ ಬದಲಿಸಿ, ಎರಡೂ ಕಡೆಯ ನ್ಯೂಟ್ರಲುಗಳನ್ನು ಒಟ್ಟಿಗೆ ಬಿಗಿದಾಗ. ಆಗ ಮನೆಯಿಂದ ಬಂದ ನ್ಯೂಟ್ರಲ್ ಆ ತುಂಡಿನ ಮೂಲಕ ಚಾಸಿಗೆ, ಚಾಸಿಯಿಂದ ಮನೆಯ ಅರ್ತಿಗೆ ತಾಗಿಕೊಳ್ಳುತ್ತದೆ. ವ್ಯಾನಿನಲ್ಲಿ ಒಂದು ದೀಪವೂ ಉರಿಯದಿದ್ದರೂ ನಿಮ್ಮ ಮನೆಯ ಫ್ರಿಜ್ಜು, ಫ್ಯಾನುಗಳ ಕರೆಂಟಿನ ಒಂದು ಪಾಲು ನ್ಯೂಟ್ರಲನ್ನು ಬಿಟ್ಟು ಅರ್ತಿನ ದಾರಿ ಹಿಡಿಯುತ್ತದೆ. ಹೋದದ್ದು ಮರಳಲಿಲ್ಲವೆಂದು ಇಎಲ್‌ಸಿಬಿ ಬೀಳುತ್ತದೆ. ಉದುಮದ ಮನೆಯಲ್ಲಿ ಏನೂ ಆಗುವುದಿಲ್ಲ ಎಂದಿದ್ದೀರಿ. ಅಲ್ಲಿಯೂ ಇದೇ ಆಗುತ್ತಿದೆ, ನೋಡಿ ಹೇಳುವ ಉಪಕರಣ ಮಾತ್ರ ಇಲ್ಲ.

ಇದನ್ನು ಊಹೆಯಾಗಿ ಬಿಡದೆ ಪರೀಕ್ಷಿಸಿ. ಮೊದಲು ಕೇಬಲಿನ ವ್ಯಾನಿನ ತುದಿಯನ್ನು ಕಳಚಿಟ್ಟು, ಅದು ನೆಲಕ್ಕೂ ನೀರಿಗೂ ತಾಗದಂತೆ ನೋಡಿಕೊಂಡು, ಮನೆಯ ತುದಿಯನ್ನು ಮಾತ್ರ ಸಾಕೆಟ್ಟಿಗೆ ಹಾಕಿ. ಆಗಲೂ ಇಎಲ್‌ಸಿಬಿ ಬಿದ್ದರೆ ಕೇಬಲ್ಲೇ ಕೆಟ್ಟಿದೆ. ಬೀಳದಿದ್ದರೆ ವ್ಯಾನಿನ ಆರ್‌ಸಿಸಿಬಿಯನ್ನು ಕೆಳಗೆ ಮಾಡಿ ವ್ಯಾನಿಗೆ ಜೋಡಿಸಿ. ಆರ್‌ಸಿಸಿಬಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವುದರಿಂದ, ಅದು ಕೆಳಗಿದ್ದರೂ ಮನೆಯದು ಬಿದ್ದರೆ ದೋಷವು ನಾನು ಹೇಳಿದ ಜಾಗದಲ್ಲಿಯೇ ಇದೆ. ಕೆಳಗಿದ್ದಾಗ ಬೀಳದೆ ಮೇಲೆತ್ತಿದಾಗ ಬಿದ್ದರೆ ನನ್ನ ಅನುಮಾನ ತಪ್ಪು, ದೋಷ ಒಳಗಿನ ಸರ್ಕ್ಯೂಟುಗಳಲ್ಲಿದೆ. ಆಗ ಎಂಸಿಬಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ಏರಿಸುತ್ತ ಹೋಗಬೇಕು. ಇಲ್ಲಿ ಬಹಳ ಮಂದಿ ಎಡವುವ ಒಂದು ವಿಷಯವಿದೆ: ಸಾಮಾನ್ಯವಾಗಿ ಹಾಕುವ ಒಂದು ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ತಂತಿ ಎಲ್ಲಿಯಾದರೂ ಉಜ್ಜಿ ವಾಹನದ ತಗಡಿಗೆ ತಾಗಿದ್ದರೆ ಎಂಸಿಬಿಗಳನ್ನೆಲ್ಲ ಇಳಿಸಿದರೂ ಆರ್‌ಸಿಸಿಬಿ ಬೀಳದೆ ನಿಲ್ಲುವುದಿಲ್ಲ. ಅಂಥ ಸಂದರ್ಭದಲ್ಲಿ ವಿದ್ಯುತ್ತನ್ನು ಪೂರ್ತಿ ಕಳಚಿ, ನ್ಯೂಟ್ರಲ್ ತಂತಿಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಬೇಕಾಗುತ್ತದೆ.

ಇನ್ನೊಂದು ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಹೊರಗಿನ ಪ್ಲಗ್ಗನ್ನು ಕಳಚಿ, ಇನ್ವರ್ಟರನ್ನು ಆರಿಸಿ, ಅದರ ಬ್ಯಾಟರಿ ಸಂಪರ್ಕವನ್ನೂ ತೆಗೆದು ಕೆಲವು ನಿಮಿಷ ಕಾದ ಮೇಲೆ, ವ್ಯಾನಿನ ಗೋಡೆಯ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವಿನ ಓಮ್ ಅಳೆಯಿರಿ. ಒಂದು ಓಮಿಗಿಂತ ಕಡಿಮೆ ತೋರಿಸಿದರೆ ಎಲ್ಲೋ ತಂತಿಯೇ ಜೋಡಿಸಿಕೊಂಡಿದೆ. ಸಾವಿರಾರು ಓಮ್ ತೋರಿಸುತ್ತ ಅಂಕೆಗಳು ಓಡಾಡುತ್ತಿದ್ದರೆ ನೀರು ಅಥವಾ ಮಸಿ ಸೇರಿಕೊಂಡಿರಬಹುದು. ಏನೂ ತೋರಿಸದಿದ್ದರೆ ಒಳ್ಳೆಯದು.

ಪರಿಹಾರ ದುಬಾರಿಯದಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್ಚನ್ನು ಹಾಕಿಸಿ, ಚಾಸಿಗೆ ಹೋಗುವ ಆ ತುಂಡು ಇನ್ವರ್ಟರಿನ ಕಡೆಯಲ್ಲಿ ಮಾತ್ರ ಉಳಿಯುವಂತೆ ನೋಡಿಕೊಳ್ಳಿ. ಆಗ ಹೊರಗಿನ ವಿದ್ಯುತ್ತಿಗೆ ತಿರುಗಿಸಿದಾಗ ಆ ಕೊಂಡಿ ತಾನಾಗಿ ಬಿಟ್ಟುಹೋಗುತ್ತದೆ. ಒಂದು ಎಚ್ಚರಿಕೆ: ಎಲ್ಲ ಇನ್ವರ್ಟರುಗಳ ನ್ಯೂಟ್ರಲನ್ನು ಚಾಸಿಗೆ ಜೋಡಿಸಲಾಗದು. ಕೆಲವು ಅಗ್ಗದ ಮಾದರಿಗಳು ಹಾಗೆ ಜೋಡಿಸಿದರೆ ಸುಟ್ಟುಹೋಗುತ್ತವೆ. ತಯಾರಕರ ಕೈಪಿಡಿಯಲ್ಲಿ ಒಪ್ಪಿಗೆ ಇದ್ದರೆ ಮಾತ್ರ ಅದನ್ನು ಇರಗೊಡಿ.

ಇಎಲ್‌ಸಿಬಿಯನ್ನು ತೆಗೆಯಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ನಮ್ಮ ಮಣ್ಣೇ ಕಾರಣ. ಮುರಕಲ್ಲಿನ ನೆಲ ಮಳೆಗಾಲದಲ್ಲಿ ಹೇಗೇ ಇರಲಿ, ಮಾರ್ಚ್‌ನಿಂದ ಮೇ ತನಕ ಒಣಗಿ ನಿಂತಾಗ ಅರ್ತ್ ಗುಂಡಿಯ ತಡೆ ಬಹಳ ಏರುತ್ತದೆ. ಅದು 20 ಓಮ್ ಇದೆ ಎಂದುಕೊಳ್ಳಿ. ಫೇಸ್ ತಂತಿ ವ್ಯಾನಿನ ಮೈಗೆ ನೇರವಾಗಿ ತಾಗಿದರೂ 230 ವೋಲ್ಟಿಗೆ ಆ ದಾರಿಯಲ್ಲಿ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿನ ಕರೆಂಟು. ಅದು ಬೀಳುವುದೇ ಇಲ್ಲ, ವ್ಯಾನಿನ ಮೈಯೆಲ್ಲ ಕರೆಂಟು ತುಂಬಿಕೊಂಡು ನಿಲ್ಲುತ್ತದೆ. ಟಯರುಗಳು ರಬ್ಬರಾದ್ದರಿಂದ ಒಳಗಿರುವವರಿಗೆ ಏನೂ ತಿಳಿಯುವುದಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲಿನ ಹಿಡಿಯನ್ನು ಮುಟ್ಟುವವರಿಗೆ ತಿಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಪರಿಚಯದವರ ವ್ಯಾನೊಂದನ್ನು ನೋಡಲು ಹೋದಾಗ, ಮಳೆ ನಿಂತ ಅಂಗಳದಲ್ಲಿ ಮೆಟ್ಟಿಲಿನ ಕಬ್ಬಿಣಕ್ಕೆ ಬೆರಳು ತಾಗಿದೊಡನೆ ನನ್ನ ಕೈ ಭುಜದವರೆಗೆ ಜೋಮು ಹಿಡಿಯಿತು. ಎಕ್ಸ್‌ಟೆನ್ಶನ್ ಕೇಬಲಿನ ಪ್ಲಗ್ಗಿನಲ್ಲಿ ಅರ್ತ್ ತಂತಿ ಕಳಚಿತ್ತು. ಆ ಮನೆಯ ಇಎಲ್‌ಸಿಬಿಯನ್ನು ಅದು ಮತ್ತೆ ಮತ್ತೆ ಬೀಳುತ್ತದೆಂಬ ಕಾರಣಕ್ಕೆ ಒಂದು ವಾರದ ಹಿಂದೆಯಷ್ಟೇ ತಂತಿ ಸುತ್ತಿ ದಾಟಿಸಿದ್ದರು. ಅವರ ಮೊಮ್ಮಕ್ಕಳು ಆ ಅಂಗಳದಲ್ಲಿ ಬೆಳಗಿನಿಂದ ಆಡುತ್ತಿದ್ದರು ಎಂಬುದನ್ನು ನೆನೆದರೆ ಇಂದಿಗೂ ನನ್ನ ಎದೆ ನಡುಗುತ್ತದೆ.

ಎರಡನೆಯ ತೊಂದರೆ, ಗೀಸರ್. ಬಿಸಿಮಾಡುವ ಎಲಿಮೆಂಟಿನಲ್ಲಿ ಒಳಗಿನ ತಂತಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ತುಂಬಿರುತ್ತಾರೆ. ಆ ಪುಡಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ದಿನವೂ ಕಾಯುತ್ತಿರುವ ಮನೆಯ ಗೀಸರಿನಲ್ಲಿ ತೇವ ನಿಲ್ಲುವುದಿಲ್ಲ. ಆಟಿಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ವ್ಯಾನಿನ ಗೀಸರಿನಲ್ಲಿ ನಿಲ್ಲುತ್ತದೆ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿದ್ದರೂ ಇದೇ ಲಕ್ಷಣ: ತಣ್ಣಗಿದ್ದಾಗ ಸುಮ್ಮನಿದ್ದು, ಕಾಯುತ್ತ ಬಂದಂತೆ ಬಿರುಕು ಅಗಲಿಸಿ ಸೋರಿಕೆ ಹೆಚ್ಚುತ್ತದೆ. ನೀವು ಹೇಳಿದ ನಾಲ್ಕೈದು ನಿಮಿಷದ ಅಂತರಕ್ಕೆ ಇದು ಹೊಂದುತ್ತದೆ. ಗೀಸರನ್ನು ಸ್ವಿಚ್ಚಿನಲ್ಲಿ ಆರಿಸಿದರೆ ಸಾಲದು, ಅದರ ಪ್ಲಗ್ಗನ್ನೇ ಕೀಳಿ. ಹಾಗೆ ಕಿತ್ತ ಮೇಲೆ ಆರ್‌ಸಿಸಿಬಿ ಬೀಳದೆ ನಿಂತರೆ ಕಾರಣ ಸಿಕ್ಕಿತು. ಇಲೆಕ್ಟ್ರಿಷಿಯನ್ ಬಳಿ 500 ವೋಲ್ಟಿನ ಮೆಗ್ಗರ್ (ಸೋರಿಕೆಯ ದಾರಿಯ ತಡೆಯನ್ನು ಅಳೆಯುವ ಉಪಕರಣ) ಇದ್ದರೆ ಕಳಚಿಟ್ಟ ಗೀಸರನ್ನು ಅಳೆಯಲು ಹೇಳಿ. ಒಂದು ಮೆಗಾಓಮಿಗಿಂತ ಕೆಳಗೆ ಬಂದರೆ ಎಲಿಮೆಂಟನ್ನು ಬದಲಿಸುವುದೇ ಸರಿ. ಬದಲಿಸುವಾಗ ಥರ್ಮೋಸ್ಟಾಟಿನ ತಂತಿಗಳ ಮೇಲೆ ಗ್ಯಾಸ್ಕೆಟ್ಟಿನಿಂದ ನೀರು ಹನಿಯುತ್ತಿದೆಯೇ ಎಂದೂ ನೋಡಿಸಿ. ಆರ್‌ಸಿಸಿಬಿಯನ್ನು ದಾಟಿಸಿ ಒಂದು ದಿನ ಗೀಸರ್ ನಡೆಸಿದರೆ ತೇವ ತಾನಾಗಿ ಒಣಗುತ್ತದೆ ಎಂದು ಹೇಳುವವರಿದ್ದಾರೆ. ಆ ಒಂದು ದಿನ ನೀವು ಮುಟ್ಟುವುದು ನೀರನ್ನು, ಖಂಡಿತ ಬೇಡ.

ಮೂರನೆಯದು ನನಗೆ ಬಹಳ ಹಿಡಿಸಿದ ಪ್ರಶ್ನೆ, ಏಕೆಂದರೆ ಮೊದಲ ದಿನ ಬಿದ್ದು ಎರಡನೆಯ ದಿನ ಬೀಳದಿರುವುದನ್ನು ಗಮನಿಸಿದವರು ಕಡಿಮೆ. ಲೆಕ್ಕ ಹಾಕೋಣ. 230 ವೋಲ್ಟಿನಲ್ಲಿ ಗೀಸರ್ 8.7 ಆಂಪಿಯರ್, ಇಂಡಕ್ಷನ್ ಒಲೆ 7.8, ಏಸಿ ಸುಮಾರು 5, ಒಟ್ಟು 21.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದಕ್ಕೆ ಆ ಕ್ಷಣವೇ ಬೀಳಬೇಕೆಂದು ನಿಯಮವಿಲ್ಲ. ತನ್ನ ಅಂಕೆಯ 1.13 ಪಟ್ಟು, ಅಂದರೆ 18 ಆಂಪಿಯರ್ ತನಕ ಅದು ಒಂದು ಗಂಟೆಯಾದರೂ ಬೀಳಬಾರದು, 1.45 ಪಟ್ಟಿಗೆ, ಅಂದರೆ 23.2 ಆಂಪಿಯರಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ಇವೆರಡರ ನಡುವೆ ಬೀಳಲೂಬಹುದು, ಬೀಳದಿರಲೂಬಹುದು. ನಿಮ್ಮ 21.5 ಆಂಪಿಯರ್ ಈ ನಡುವಿನಲ್ಲಿದೆ. ಈಗ ನಿಮ್ಮ ಲೆಕ್ಕದಲ್ಲಿ ಸೇರದ ಚಾರ್ಜರನ್ನು ಸೇರಿಸಿ. ರಾಣಿಪುರದಲ್ಲಿ ರಾತ್ರಿಯೆಲ್ಲ ಫ್ಯಾನು, ದೀಪ ನಡೆಸಿ ಬ್ಯಾಟರಿ ಬರಿದಾಗಿರುತ್ತದೆ. ಉದುಮದಲ್ಲಿ ಪ್ಲಗ್ ಹಾಕಿದೊಡನೆ ಯಾರೂ ಸ್ವಿಚ್ ಹಾಕದೆಯೇ ಚಾರ್ಜರ್ ತನ್ನ ಪೂರ್ಣ ಶಕ್ತಿಯಲ್ಲಿ ಅದನ್ನು ತುಂಬತೊಡಗುತ್ತದೆ. 40 ಆಂಪಿಯರ್ ಎಂದರೆ ಬ್ಯಾಟರಿಯ ಕಡೆ 14 ವೋಲ್ಟಿನಲ್ಲಿ 560 ವಾಟ್, ನಷ್ಟವನ್ನು ಸೇರಿಸಿದರೆ ಸುಮಾರು 620 ವಾಟ್. ಹೊರಗಿನಿಂದ ಎಳೆಯುವುದು 2.7 ಆಂಪಿಯರ್. ಒಟ್ಟು 24.2 ಆಂಪಿಯರಾಗಿ ಎಂಸಿಬಿ ಬೀಳಲೇಬೇಕಾದ ಗೆರೆಯನ್ನು ದಾಟುತ್ತದೆ. ಮರುದಿನ ಬ್ಯಾಟರಿ ತುಂಬಿದ್ದರಿಂದ ಚಾರ್ಜರ್ ಹೆಚ್ಚೇನೂ ಎಳೆಯದೆ ನೀವು ಮತ್ತೆ ನಡುವಿನ ಜಾಗಕ್ಕೆ ಮರಳುತ್ತೀರಿ.

ಎಂಸಿಬಿ ಇಲ್ಲಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. 25 ಆಂಪಿಯರಿನದನ್ನು ಹಾಕಿದರೆ ಅದು ಬೀಳುವುದಿಲ್ಲ, ಅದರ ಬದಲು ಅಕ್ಕನ ಮನೆಯ 16 ಆಂಪಿಯರಿನ ಸಾಕೆಟ್ಟು, ಅದರ ಹಿಂದಿನ ಹಳೆಯ ತಂತಿ ಬಿಸಿಯಾಗುತ್ತವೆ. 16 ಆಂಪಿಯರಿಗೆ 230 ವೋಲ್ಟಿನಲ್ಲಿ ಸಿಗುವುದು 3680 ವಾಟ್, ಅದರೊಳಗೆ ಬದುಕಬೇಕು. ಗೀಸರ್ ಮತ್ತು ಇಂಡಕ್ಷನ್ ಒಲೆ ಇವೆರಡರಲ್ಲಿ ಒಂದಕ್ಕೆ ಮಾತ್ರ ಕರೆಂಟು ಹೋಗುವಂತೆ, ನಡುವೆ ಆರುವ ಸ್ಥಾನವುಳ್ಳ, ಆ ಕರೆಂಟನ್ನು ತಾಳುವ ಒಂದು ಆಯ್ಕೆ ಸ್ವಿಚ್ಚನ್ನು ಹಾಕಿಸಿ. ಮರೆತರೂ ಎರಡೂ ಒಟ್ಟಿಗೆ ನಡೆಯವು. ಚಾರ್ಜರಿನಲ್ಲಿ ಕರೆಂಟನ್ನು ತಗ್ಗಿಸುವ ಸೌಲಭ್ಯವಿದ್ದರೆ ಹಗಲು 10 ಆಂಪಿಯರಿಗೆ ಇಳಿಸಿ, ರಾತ್ರಿ ಅಡುಗೆ ಮುಗಿದ ಮೇಲೆ ಏರಿಸಿ.

ಪ್ರಶ್ನೆ (ಕುಂಬಳೆಯ ಓದುಗರು): ನಮ್ಮ ವ್ಯಾನನ್ನು ತೋಟದ ಕೊನೆಯಲ್ಲಿ ನಿಲ್ಲಿಸಿ 40 ಮೀಟರ್ ಉದ್ದದ ಕೇಬಲ್ ಡ್ರಮ್ಮಿನಿಂದ ವಿದ್ಯುತ್ ಕೊಡುತ್ತೇವೆ. ಸಂಜೆ ಏಸಿ ಹಾಕಿದರೆ ಕಂಪ್ರೆಸರ್ ಗುಂಯ್‌ಗುಟ್ಟಿ, ಕೆಲವು ಸೆಕೆಂಡುಗಳಲ್ಲಿ ಏಸಿಯ 10 ಆಂಪಿಯರ್ ಎಂಸಿಬಿ ಬೀಳುತ್ತದೆ. ಮನೆಯ ಹತ್ತಿರ ನಿಲ್ಲಿಸಿದಾಗ ಈ ತೊಂದರೆ ಇಲ್ಲ. ಏಸಿ ಕೆಟ್ಟಿದೆಯೇ?

ಉತ್ತರ: ಏಸಿ ಕೆಟ್ಟಿಲ್ಲ, ಅದಕ್ಕೆ ವೋಲ್ಟೇಜ್ ಸಿಗುತ್ತಿಲ್ಲ. ಡ್ರಮ್ಮಿನ ಕೇಬಲ್ 1.5 ಚದರ ಮಿಲಿಮೀಟರಿನದು ಎಂದುಕೊಂಡರೆ ಅದರ ತಡೆ ಕಿಲೋಮೀಟರಿಗೆ 13.3 ಓಮ್. ಹೋಗುವ ತಂತಿ 40 ಮೀಟರ್, ಬರುವ ತಂತಿ 40 ಮೀಟರ್; ಒಟ್ಟು ತಡೆ ಒಂದು ಓಮಿಗಿಂತ ಸ್ವಲ್ಪ ಹೆಚ್ಚು. ಹೊರಡುವ ಕ್ಷಣದಲ್ಲಿ ಕಂಪ್ರೆಸರ್ ತನ್ನ ಮಾಮೂಲಿನ ಹಲವು ಪಟ್ಟು ಕರೆಂಟನ್ನು ಕೇಳುತ್ತದೆ. 30 ಆಂಪಿಯರ್ ಎಂದರೂ ಕೇಬಲಿನಲ್ಲಿಯೇ 32 ವೋಲ್ಟ್ ಕಳೆದುಹೋಗುತ್ತದೆ. ಎಲ್ಲರೂ ದೀಪ ಹಚ್ಚುವ ಸಂಜೆಯ ಹೊತ್ತಿಗೆ ತೋಟದ ಮನೆಗೆ 200 ವೋಲ್ಟ್ ಬರುತ್ತಿದ್ದರೆ ಕಂಪ್ರೆಸರಿಗೆ ಉಳಿದದ್ದು 168. ಅಷ್ಟರಲ್ಲಿ ಅದು ತಿರುಗಲಾರದು. ತಿರುಗದೆ ನಿಂತ ಮೋಟಾರು ಹೊರಡುವಾಗಿನ ಭಾರೀ ಕರೆಂಟನ್ನೇ ಎಳೆಯುತ್ತ ಇರುತ್ತದೆ. ತನ್ನ ಅಂಕೆಯ ಮೂರು ಪಟ್ಟು ಕರೆಂಟನ್ನು 10 ಆಂಪಿಯರಿನ ಎಂಸಿಬಿ ಹೆಚ್ಚು ಹೊತ್ತು ಸಹಿಸದು. ನಿಮ್ಮ ಅಡಕೆ ತೋಟದ ಪಂಪು ಕಡಿಮೆ ವೋಲ್ಟೇಜಿನಲ್ಲಿ ಗುಂಯ್‌ಗುಟ್ಟಿ ನಿಲ್ಲುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

2.5 ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ ಆ 32 ವೋಲ್ಟಿನ ನಷ್ಟ 19ಕ್ಕೆ ಇಳಿಯುತ್ತದೆ. 4 ಚದರ ಮಿಲಿಮೀಟರಿನದಾದರೆ 12ಕ್ಕೆ. ಕೇಬಲನ್ನು ಡ್ರಮ್ಮಿನಿಂದ ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿ, ಬೇಕಾದದ್ದು 15 ಮೀಟರೇ ಆಗಿದ್ದರೂ ಸರಿ. ಸುತ್ತಿದಂತೆಯೇ ಬಿಟ್ಟರೆ ಒಳಸುತ್ತುಗಳ ಬಿಸಿ ಹೊರಗೆ ಹೋಗಲಾಗದೆ ರಬ್ಬರು ಕರಗಿ ಅಂಟಿಕೊಳ್ಳುತ್ತದೆ. ನಾನು ಬಿಚ್ಚಲು ಹೋದ ಒಂದು ಡ್ರಮ್ಮು ಇಡಿಯಾಗಿ ಒಂದೇ ಉಂಡೆಯಾಗಿತ್ತು. ಇನ್ನೊಂದು ಮಾತು: ಏಸಿ ನಿಂತ ಕೂಡಲೇ ಮತ್ತೆ ಹಾಕಬೇಡಿ. ಕಂಪ್ರೆಸರಿನ ಎರಡೂ ಬದಿಯ ಅನಿಲದ ಒತ್ತಡ ಸಮವಾಗಲು ಕನಿಷ್ಠ ಮೂರು ನಿಮಿಷ ಬೇಕು. ಅದಕ್ಕೂ ಮೊದಲು ಹಾಕಿದರೆ ವೋಲ್ಟೇಜ್ ಸರಿಯಿದ್ದರೂ ಅದು ತಿರುಗದೆ ಎಂಸಿಬಿ ಬೀಳಬಹುದು.

ಪ್ರಶ್ನೆ (ಅಕ್ಕಲಕೋಟೆಯ ಓದುಗರು): ನಮ್ಮದು ಸೊಲ್ಲಾಪುರ ಜಿಲ್ಲೆಯ ಬಿಸಿಲಿನ ಸೀಮೆ. ಬೇಸಿಗೆಯ ಮಧ್ಯಾಹ್ನ ವ್ಯಾನಿನ 16 ಆಂಪಿಯರಿನ ಮುಖ್ಯ ಎಂಸಿಬಿ 13 ಆಂಪಿಯರಿಗೇ ಬೀಳುತ್ತದೆ, ರಾತ್ರಿ ಅದೇ ಹೊರೆಗೆ ಬೀಳುವುದಿಲ್ಲ. ಬ್ರೇಕರ್ ಪೆಟ್ಟಿಗೆ ಫ್ರಿಜ್ಜಿನ ಹಿಂದಿನ ಕಪಾಟಿನಲ್ಲಿದೆ.

ಉತ್ತರ: ಎಂಸಿಬಿಯ ಅಂಕೆಯನ್ನು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಸಿ ಮಾಡಿರುತ್ತಾರೆ. ಅದರೊಳಗಿನ ಪಟ್ಟಿಗೆ ಕರೆಂಟಿನ ಬಿಸಿ ಯಾವುದು, ಬಿಸಿಲಿನ ಬಿಸಿ ಯಾವುದು ಎಂಬ ಭೇದ ತಿಳಿಯದು. ಹೊರಗೆ 42 ಡಿಗ್ರಿ ಇರುವಾಗ ಮುಚ್ಚಿದ ವ್ಯಾನಿನ, ಅದರಲ್ಲೂ ಫ್ರಿಜ್ಜಿನ ಹಿಂಬದಿಯ ಬಿಸಿಗಾಳಿ ತುಂಬಿದ ಕಪಾಟಿನ ಉಷ್ಣತೆ ಎಷ್ಟಾಗಬಹುದೆಂದು ನೀವೇ ಊಹಿಸಿ. ಅಲ್ಲಿ ಪಟ್ಟಿ ಆಗಲೇ ಅರ್ಧ ಬಾಗಿ ನಿಂತಿರುತ್ತದೆ. ಉಷ್ಣತೆ ಏರಿದಂತೆ ಅಂಕೆ ಎಷ್ಟು ಇಳಿಯುತ್ತದೆಂಬ ಕೋಷ್ಟಕವನ್ನು ತಯಾರಕರು ಕೊಟ್ಟಿರುತ್ತಾರೆ, ಅದನ್ನು ನೋಡಿ. ಪೆಟ್ಟಿಗೆಯನ್ನು ಬಿಸಿಲು ಬೀಳದ ಬದಿಗೆ ಸ್ಥಳಾಂತರಿಸುವುದು ಉತ್ತಮ.

ಆದರೆ ಎಲ್ಲವನ್ನೂ ಬಿಸಿಲಿನ ಮೇಲೆ ಹೊರಿಸುವ ಮೊದಲು ವಿದ್ಯುತ್ತನ್ನು ಪೂರ್ತಿ ಕಳಚಿ ಎಂಸಿಬಿಯ ಸ್ಕ್ರೂಗಳನ್ನು ನೋಡಿ. ಮನೆಯ ಗೋಡೆ ಅಲುಗುವುದಿಲ್ಲ, ವ್ಯಾನು ಹೊಂಡದ ರಸ್ತೆಯಲ್ಲಿ ಗಂಟೆಗಟ್ಟಲೆ ಅಲುಗುತ್ತದೆ. ಸಡಿಲಗೊಂಡ ಸ್ಕ್ರೂವಿನಲ್ಲಿ ಹುಟ್ಟುವ ಬಿಸಿಯೂ ನೇರವಾಗಿ ಆ ಪಟ್ಟಿಗೇ ಏರುತ್ತದೆ. ತಂತಿಯ ತುದಿಯ ಪ್ಲಾಸ್ಟಿಕ್ ಕಂದಿದ್ದರೆ ಅಥವಾ ಸುಟ್ಟ ವಾಸನೆಯಿದ್ದರೆ ಅಷ್ಟು ಭಾಗವನ್ನು ಕತ್ತರಿಸಿ, ಹೊಸ ತುದಿಗೆ ಅಳತೆಯ ಲಗ್ ಒತ್ತಿ ಬಿಗಿಯಬೇಕು, ಎಂಸಿಬಿಯನ್ನೂ ಬದಲಿಸಬೇಕು. ಎಳೆ ಎಳೆಯ ತಂತಿಯ ತುದಿಗೆ ಸೀಸದ ಬೆಸುಗೆ ಹಾಕಿ ಸ್ಕ್ರೂವಿನಡಿ ಬಿಗಿಯುವ ರೂಢಿ ಕೆಲವರಿಗಿದೆ. ಬೆಸುಗೆ ಮೆತ್ತಗಿನ ಲೋಹ; ಒತ್ತಡಕ್ಕೆ ಮೆಲ್ಲನೆ ಸರಿದು, ಬಿಗಿದದ್ದು ಕೆಲವು ತಿಂಗಳಲ್ಲಿ ಮತ್ತೆ ಸಡಿಲವಾಗುತ್ತದೆ.

ಪ್ರಶ್ನೆ (ತಾಳವಾಡಿಯ ಓದುಗರು): ಮನೆಯ ವಿದ್ಯುತ್ತಿಗೆ ಜೋಡಿಸಿದಾಗ ಗೀಸರಿನಿಂದ ವ್ಯಾನಿನ ಆರ್‌ಸಿಸಿಬಿ ಬೀಳುತ್ತದೆ. ಹೊಲದಲ್ಲಿ ಸಣ್ಣ ಪೆಟ್ರೋಲ್ ಜನರೇಟರಿನಿಂದ ನಡೆಸಿದರೆ ಅದೇ ಗೀಸರಿಗೆ ಬೀಳುವುದಿಲ್ಲ. ಪರೀಕ್ಷೆಯ ಗುಂಡಿ ಒತ್ತಿದರೆ ಎರಡೂ ಕಡೆ ಬೀಳುತ್ತದೆ. ಹಾಗಾದರೆ ದೋಷ ಮನೆಯ ವಿದ್ಯುತ್ತಿನಲ್ಲಿದೆ ಎಂದು ತಿಳಿಯಬಹುದೇ?

ಉತ್ತರ: ಇಲ್ಲ. ಗೀಸರ್ ಎರಡೂ ಕಡೆ ಕೆಟ್ಟದ್ದೇ. ಜನರೇಟರಿನಲ್ಲಿ ಆರ್‌ಸಿಸಿಬಿಗೆ ಅದು ಕಾಣುತ್ತಿಲ್ಲ. ಸಣ್ಣ ಜನರೇಟರುಗಳಲ್ಲಿ ಬಹಳಷ್ಟು ಕಡೆ ನ್ಯೂಟ್ರಲನ್ನು ಅದರ ಚೌಕಟ್ಟಿಗೂ ನೆಲಕ್ಕೂ ಜೋಡಿಸಿರುವುದಿಲ್ಲ. ಗೀಸರಿನಿಂದ ವ್ಯಾನಿನ ಮೈಗೆ ಸೋರಿದ ಕರೆಂಟಿಗೆ ಜನರೇಟರಿಗೆ ಮರಳುವ ದಾರಿ ಇಲ್ಲದ್ದರಿಂದ ಅದು ಹರಿಯುವುದೇ ಇಲ್ಲ, ವ್ಯತ್ಯಾಸವೂ ಏಳುವುದಿಲ್ಲ. ಗುಂಡಿಯನ್ನು ಒತ್ತಿದಾಗ ಬೀಳುವುದು ಬೇರೆ ಕಾರಣಕ್ಕೆ: ಅದು ಉಪಕರಣದೊಳಗಿನ ಒಂದು ರೆಸಿಸ್ಟರಿನ ಮೂಲಕ ಫೇಸಿನಿಂದ ನ್ಯೂಟ್ರಲಿಗೆ ಅಡ್ಡದಾರಿಯಲ್ಲಿ ಕರೆಂಟು ಹರಿಸುತ್ತದೆ, ಅರ್ತಿನ ಹಂಗೇ ಅದಕ್ಕಿಲ್ಲ. ಆದ್ದರಿಂದ ಗುಂಡಿಗೆ ಬಿದ್ದಿತೆಂದರೆ ಆರ್‌ಸಿಸಿಬಿಯ ಯಂತ್ರ ಸರಿಯಿದೆ ಎಂದಷ್ಟೇ ಅರ್ಥ.

ಹೀಗೆ ನಡೆಸುತ್ತಿರುವಾಗ ಬೇರೊಂದು ತಂತಿಯಲ್ಲಿ ಎರಡನೆಯ ದೋಷ ಬಂದರೆ, ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಕಾಯಲು ಅಲ್ಲಿ ಯಾವುದೂ ಇರುವುದಿಲ್ಲ. ಜನರೇಟರಿನ ಕೈಪಿಡಿ ಒಪ್ಪುವುದಾದರೆ, ಅದು ವ್ಯಾನಿಗೆ ವಿದ್ಯುತ್ ಕೊಡುವಾಗ ಮಾತ್ರ ಅದರ ನ್ಯೂಟ್ರಲ್ ಚೌಕಟ್ಟಿಗೂ ವ್ಯಾನಿನ ಅರ್ತಿಗೂ ಜೋಡಿಕೊಳ್ಳುವಂತೆ ತಿಳಿದ ಇಲೆಕ್ಟ್ರಿಷಿಯನ್ನಿಂದ ಮಾಡಿಸಿ. ಆ ಕೊಂಡಿಯನ್ನು ವ್ಯಾನಿನೊಳಗೆ ಶಾಶ್ವತವಾಗಿ ಹಾಕಿಸಬೇಡಿ, ಹಾಕಿಸಿದರೆ ಬದಿಯಡ್ಕದವರ ಮೊದಲ ತೊಂದರೆ ನಿಮ್ಮ ಮನೆಗೂ ಬರುತ್ತದೆ. ಕೆಲಸ ಮುಗಿದ ಮೇಲೆ, ಎಲಿಮೆಂಟನ್ನು ಬದಲಿಸುವ ಮೊದಲೇ, ಒಮ್ಮೆ ಜನರೇಟರಿನಲ್ಲಿ ಗೀಸರ್ ಹಾಕಿ, ವ್ಯಾನನ್ನು ಯಾರೂ ಮುಟ್ಟದಂತೆ ದೂರ ನಿಂತು ನೋಡಿ. ಈ ಸಲ ಆರ್‌ಸಿಸಿಬಿ ಬಿದ್ದರೆ ಕೊಂಡಿ ಸರಿಯಾಗಿ ಕೂತಿದೆ. ಆಮೇಲೆ ಗೀಸರನ್ನು ಕಳಚಿ ರಿಪೇರಿಗೆ ಒಯ್ಯಿರಿ.